ನಾನು ತಿದ್ದಿದ ಒಂದು ಪದ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕಳೆದ ಭಾನುವಾರ ಫೋನಿನಲ್ಲಿ ನಾವಿಬ್ಬರೂ ಸೇರಿ ಮುಕ್ಕಾಲು ಗಂಟೆ ಈ ಕಾಲದ ಇಂಗ್ಲಿಷನ್ನು ಬೈದೆವಲ್ಲ, ನೀನು ಫೋನಿಟ್ಟ ಮೇಲೂ ಆ ಮಾತು ನನ್ನೊಳಗೆ ನಡೆದೇ ಇದೆ. ಅದಕ್ಕೇ ಈ ಪತ್ರ. ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆಂಚಿನ ಮೇಲಿನ ಕೋತಿಯ ಪ್ರಸಂಗವನ್ನೂ ಎತ್ತುವುದಿಲ್ಲ, ಆ ಮಟ್ಟಿಗೆ ನಿಶ್ಚಿಂತೆಯಿಂದಿರು.

ನಿನ್ನ ದೂರುಗಳಲ್ಲಿ ಒಂದೂ ಸುಳ್ಳಲ್ಲ. ಎರಡನೆಯ ದೋಸೆಗೆ ತಟ್ಟೆ ಚಾಚುತ್ತಲೇ ನಿನ್ನ ತಂಗಿಯ ಮಗಳು ‘ಹಸಿವಿಗೆ ಲಿಟರಲಿ ಸತ್ತೇ ಹೋದೆ ಮಾಮ’ ಎಂದರೆ, ‘ಅಕ್ಷರಶಃ’ ಎಂಬುದನ್ನು ಹೇಳಲೆಂದೇ ಇದ್ದ ಒಂದು ಪದ ಕೈತಪ್ಪಿ ಹೋಯಿತಲ್ಲ ಎಂದು ಸಂಕಟವಾಗುವುದು ಸಹಜ. ನನ್ನ ಕಚೇರಿಯಲ್ಲಿ ಕಲಿತದ್ದೆಲ್ಲ ‘ಲರ್ನಿಂಗ್ಸ್’ ಆಗಿದೆ, ಕೇಳಿದ್ದೆಲ್ಲ ‘ಆಸ್ಕ್’ ಆಗಿದೆ, ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ, ‘ರೀಚ್ ಔಟ್’ ಮಾಡುತ್ತಾರೆ. ‘ರೆಸ್ಪೆಕ್ಟೆಡ್ ಸರ್’ ಎಂದು ಆರಂಭಿಸಿ ‘ಯುವರ್ಸ್ ಫೇಯ್ತ್‌ಫುಲಿ’ ಎಂದು ಮುಗಿಸುವುದನ್ನು ಮೇಷ್ಟ್ರು ನಮಗೆ ಒಂದಿಡೀ ವರ್ಷ ಬರೆಸಿ ಬರೆಸಿ ಕಲಿಸಿದ್ದರು. ಈಗ ಇಪ್ಪತ್ಮೂರರ ಹುಡುಗ ‘ಹಾಯ್’ ಎಂದು ನನ್ನ ಹೆಸರು ಹಿಡಿದೇ ಪತ್ರ ಶುರುಮಾಡುತ್ತಾನೆ.

ನಮ್ಮ ವಾದಕ್ಕೆ ಬಲ ಬರಲೆಂದು ಅಂದು ರಾತ್ರಿ ಪುಸ್ತಕಗಳನ್ನು ಹರಡಿಕೊಂಡು ಕುಳಿತೆ. ನಮ್ಮ ಪಕ್ಷಕ್ಕೆ ದೊಡ್ಡ ದೊಡ್ಡ ಸಾಕ್ಷಿಗಳೇನೋ ಸಿಕ್ಕರು, ಆದರೆ ಎಲ್ಲರೂ ಸೋತವರೇ. ಚಂಚಲ ಜನಜಂಗುಳಿ ಎಂಬರ್ಥದ ಲ್ಯಾಟಿನ್ನಿನ ‘ಮೊಬಿಲೆ ವಲ್ಗಸ್’ ಎಂಬ ಮಾತಿನ ಬಾಲ ಕತ್ತರಿಸಿ ಜನ ‘ಮಾಬ್’ ಎನ್ನತೊಡಗಿದ್ದನ್ನು ಸಹಿಸದ ಲೇಖಕ ಜೊನಾಥನ್ ಸ್ವಿಫ್ಟ್, ಅದನ್ನು ತಡೆಯಲು ವರ್ಷಗಟ್ಟಲೆ ಹೆಣಗಿ ಕೈಸೋತೆನೆಂದು 1710ರಲ್ಲಿ ಬರೆದುಕೊಂಡ. ಎರಡು ವರ್ಷದ ನಂತರ, ಇಂಗ್ಲಿಷನ್ನು ತಿದ್ದಿ ಒಂದೇ ರೂಪದಲ್ಲಿ ನಿಲ್ಲಿಸಬೇಕೆಂದು ಸರ್ಕಾರದ ಖಜಾನೆಯ ಮುಖ್ಯಸ್ಥನಿಗೆ ಬಹಿರಂಗ ಪತ್ರವನ್ನೇ ಬರೆದ. ಮುಂದೆ ದೊಡ್ಡ ನಿಘಂಟು ಮಾಡಿದ ನೋವಾ ವೆಬ್‌ಸ್ಟರ್‌ಗೆ 1789ರ ಡಿಸೆಂಬರಿನಲ್ಲಿ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಕಾಗದ ಬರೆದು, ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಎಂಬ ನಾಮಪದಗಳನ್ನು ಕ್ರಿಯಾಪದ ಮಾಡಿ ಕೆಡಿಸುತ್ತಿದ್ದಾರೆಂದು ದೂರಿದ. ಇಂದು ಆ ಮೂರನ್ನೂ ನಾವಿಬ್ಬರೂ ಅಳುಕಿಲ್ಲದೆ ಬಳಸುತ್ತೇವೆ. ನಿನ್ನ ‘ಲಿಟರಲಿ’ಯನ್ನು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1839ರಲ್ಲೇ ಹೀಗೆ ಉತ್ಪ್ರೇಕ್ಷೆಗೆ ದುಡಿಸಿಕೊಂಡಿದ್ದಾನೆ, ಅಮೆರಿಕದ ನಿಘಂಟಿನಲ್ಲಿ ಆ ಅರ್ಥ 1909ರಲ್ಲೇ ದಾಖಲಾಗಿದೆ.

ಅಷ್ಟು ದೂರ ಏಕೆ, ನಮ್ಮ ಮನೆಯನ್ನೇ ನೋಡು. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ‘ಅನುಮಾನ’ವೆಂದರೆ ಹೊಗೆಯನ್ನು ಕಂಡು ಬೆಂಕಿಯಿದೆ ಎಂದು ತಿಳಿಯುವ ಬಗೆ, ನಮ್ಮ ಕನ್ನಡದಲ್ಲಿ ಅದು ಸಂದೇಹ, ಪಕ್ಕದ ಮನೆಯವನ ಮೇಲೆ ಬರುವಂಥದ್ದು. ಸಂಸ್ಕೃತದ ‘ಅವಸರ’ ತಕ್ಕ ಹೊತ್ತು. ಬಸ್ಸು ಹಿಡಿಯಲು ಓಡುವ ನಮಗೆ ಅದು ಆತುರ. ‘ಉಪನ್ಯಾಸ’ ಎಂದರೆ ನಾವು ಸಭಾಂಗಣಕ್ಕೆ ಹೋಗುತ್ತೇವೆ, ಹಿಂದಿಯವರು ಕಾದಂಬರಿ ಓದಲು ಕೂರುತ್ತಾರೆ. ಇವುಗಳಲ್ಲಿ ಯಾವುದನ್ನೂ ನಾವು ತಪ್ಪೆಂದುಕೊಂಡಿಲ್ಲ.

ವಿಷಯ ಇಷ್ಟೇ ಆಗಿದ್ದರೆ ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ.

ಎರಡು ತಿಂಗಳ ಹಿಂದೆ ನಮ್ಮ ವಿಭಾಗದ ಒಬ್ಬ ಹುಡುಗ, ರಾಯಚೂರಿನ ಕಡೆಯವನು, ಬೆಳಿಗ್ಗೆ ಆರೂಕಾಲಿಗೆ ನನಗೊಂದು ಮೇಲ್ ಕಳಿಸಿದ್ದ. ‘ಮೈ ಫಾದರ್ ಎಕ್ಸ್‌ಪೈರ್ಡ್ ಟುಡೇ ಮಾರ್ನಿಂಗ್. ಕೈಂಡ್ಲಿ ಗ್ರಾಂಟ್ ಲೀವ್ ಅಂಡ್ ಡು ದಿ ನೀಡ್‌ಫುಲ್.’ ನಾನು ಕೂಡಲೇ ರಜೆ ಮಂಜೂರು ಮಾಡಿದೆ, ಸಂತಾಪದ ಒಂದು ಸಾಲನ್ನೂ ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಇಷ್ಟು ವರ್ಷ ಬೇರೆಯವರ ಕರಡು ತಿದ್ದಿ ತಿದ್ದಿ ಬಂದ ಅಭ್ಯಾಸದಲ್ಲಿ, ಎಕ್ಸ್‌ಪೈರ್ ಆಗುವುದು ಔಷಧಿ ಮತ್ತು ಲೈಸೆನ್ಸು, ಮನುಷ್ಯರಿಗೆ ‘ಡೈಡ್’ ಎನ್ನಬೇಕು, ‘ಟುಡೇ ಮಾರ್ನಿಂಗ್’ ತಪ್ಪು, ‘ದಿಸ್ ಮಾರ್ನಿಂಗ್’ ಸರಿ ಎಂದು ಕೆಳಗೆ ಇನ್ನೆರಡು ಸಾಲು ಸೇರಿಸಿ ಕಳಿಸಿಬಿಟ್ಟೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ನೋಟೆಡ್ ಸರ್. ಥ್ಯಾಂಕ್ಯೂ ಸರ್.’ ಆ ಹೊತ್ತಿಗೆ ಅವನ ಮನೆಯಲ್ಲಿ ಬಂಧುಗಳು ಇನ್ನೂ ಬಂದು ಸೇರುತ್ತಿದ್ದಿರಬೇಕು.

ಕಾರ್ಯವೆಲ್ಲ ಮುಗಿದ ಮೇಲೆ ಅವನು ತಲೆ ಬೋಳಿಸಿಕೊಂಡು ಕೆಲಸಕ್ಕೆ ಬಂದ. ಅಂದು ಮಧ್ಯಾಹ್ನ ಅವನ ರಜೆಯ ಫಾರಂ ನನ್ನ ಸಹಿಗೆ ಬಂತು. ಕಾರಣ ಬರೆಯುವ ಜಾಗದಲ್ಲಿ ಮೊದಲು ಇ, ಎಕ್ಸ್ ಎಂಬ ಎರಡು ಅಕ್ಷರ ಬರೆದು, ಅವುಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಡೈಡ್’ ಎಂದು ಬರೆದಿದ್ದ. ನೀಲಿ ಬಾಲ್‌ಪೆನ್ನಿನ ಗೆರೆ, ಹಾಳೆಯ ಹಿಂದೆ ಉಬ್ಬಿ ಕಾಣುವಷ್ಟು ಒತ್ತಿ ಎಳೆದದ್ದು. ಅದರ ಕೆಳಗೆ ನಾನು ಸಹಿ ಮಾಡಿದೆ.

ಅಂದು ಸಂಜೆ ನಿಘಂಟು ತೆಗೆದು ‘ಎಕ್ಸ್‌ಪೈರ್’ ನೋಡಿದೆ. ಅದರ ಲ್ಯಾಟಿನ್ ಮೂಲದ ಅರ್ಥ ಉಸಿರನ್ನು ಹೊರಗೆ ಬಿಡುವುದು. ‘ಪ್ರಾಣ ಬಿಡುವುದು’ ಎಂಬ ಅರ್ಥ ಇಂಗ್ಲಿಷಿನಲ್ಲಿ ಸುಮಾರು ಆರು ಶತಮಾನಗಳಷ್ಟು ಹಳೆಯದು. ನಾವು ‘ಕೊನೆಯುಸಿರೆಳೆದರು’ ಎನ್ನುವುದೂ ಅದನ್ನೇ ಅಲ್ಲವೇ? ಇಂಗ್ಲಿಷಿನವರು ಈಗ ಮನುಷ್ಯರಿಗೆ ಆ ಪದವನ್ನು ಬಳಸುವುದು ಅಪರೂಪವಿರಬಹುದು, ಆದರೆ ಹುಡುಗ ಅಸಂಬದ್ಧವಾದದ್ದೇನನ್ನೂ ಬರೆದಿರಲಿಲ್ಲ. ನಿಘಂಟು ನೋಡದೆಯೂ ನನಗೆ ತಿಳಿಯಬೇಕಿದ್ದ ಸಂಗತಿ ಇನ್ನೊಂದಿತ್ತು. ತೀರಿಕೊಂಡರು, ಹೋಗಿಬಿಟ್ಟರು, ದೈವಾಧೀನರಾದರು, ಶಿವನ ಪಾದ ಸೇರಿದರು ಎಂದು ಇಷ್ಟೊಂದು ಮಾತುಗಳಿರುವ ಭಾಷೆಯಲ್ಲಿ ಹುಟ್ಟಿದ ಯಾರೂ ಹೆತ್ತ ತಂದೆಯನ್ನು ‘ಸತ್ತ’ ಎನ್ನುವುದಿಲ್ಲ. ಅಪ್ಪನಿಗೆ ತಕ್ಕ ಮರ್ಯಾದೆಯ ಪದವೊಂದನ್ನು ಅವನು ಇಂಗ್ಲಿಷಿನಲ್ಲಿ ಹುಡುಕಿದ್ದ, ಅವನಿಗೆ ಸಿಕ್ಕಿದ್ದು ಅದು. ಅದನ್ನು ಹೊಡೆದುಹಾಕಿಸಿ, ಅವನ ಕಿವಿಗೆ ‘ಸತ್ತ’ ಎಂದೇ ಕೇಳಿಸಿರಬಹುದಾದ ಪದವನ್ನು ಅವನ ಕೈಯಿಂದಲೇ ಬರೆಸಿದವನು ನಾನು.

ಏಕೆ ಹಾಗೆ ಮಾಡಿದೆ ಎಂದು ಹುಡುಕಿಕೊಂಡು ಹೋದರೆ 1991ಕ್ಕೆ ಹೋಗಿ ನಿಲ್ಲುತ್ತೇನೆ. ಬೆಂಗಳೂರಿನಲ್ಲಿ ನಾನು ಕೊಟ್ಟ ಮೊದಲ ಸಂದರ್ಶನದ ಬಗ್ಗೆ, ಕೆಲಸ ಸಿಗಲಿಲ್ಲ ಎಂದಷ್ಟೇ ನಿನಗೆ ಹೇಳಿದ್ದೆ. ‘ವಿ ಡಿಸ್ಕಸ್ಡ್ ಅಬೌಟ್ ಇಟ್’ ಎಂದೆ. ಮೇಜಿನ ಆಚೆಗಿದ್ದ ಮೂವರು ಮುಖ ಮುಖ ನೋಡಿಕೊಂಡರು. ಇನ್ನೊಮ್ಮೆ ಹೇಳಿ ಎಂದರು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ನಾನು ಅದನ್ನೇ ದೊಡ್ಡದಾಗಿ ಹೇಳಿದೆ. ಅವರಲ್ಲಿ ಒಬ್ಬರು ನಕ್ಕೇಬಿಟ್ಟರು. ಏಕೆ ನಕ್ಕರೆಂದು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ರಾಶಿಯಿಂದ ಆ ಕೆಂಪು ರಟ್ಟಿನ ವ್ಯಾಕರಣ ಕೊಂಡು, ‘ಡಿಸ್ಕಸ್’ ಮುಂದೆ ‘ಅಬೌಟ್’ ಬರಕೂಡದೆಂದು ಓದಿದ ರಾತ್ರಿ ಮುಖ ಹೊತ್ತಿ ಉರಿದದ್ದು ಇನ್ನೂ ನೆನಪಿದೆ. ಐದನೆಯ ತರಗತಿಯಲ್ಲಿ ಎಬಿಸಿಡಿ ಕಂಡ ನಾವು ಒಂದೊಂದು ಪ್ರಿಪೊಸಿಷನ್ನನ್ನೂ ಹೀಗೆ ಸುಟ್ಟುಕೊಂಡೇ ಕಲಿತವರು. ಆದ್ದರಿಂದ ನಿನಗೆ ನಿಜ ಹೇಳುತ್ತೇನೆ: ಈಗಿನ ಹುಡುಗರು ಬಾಯಿಗೆ ಬಂದಂತೆ ಇಂಗ್ಲಿಷ್ ಮಾತಾಡುವುದು ನನ್ನನ್ನು ಅಷ್ಟಾಗಿ ನೋಯಿಸುವುದಿಲ್ಲ. ಅವರನ್ನು ಕಂಡು ಯಾರೂ ನಗುತ್ತಿಲ್ಲವಲ್ಲ, ಅದು ನೋಯಿಸುತ್ತದೆ. ಭಾಷೆಯ ಮೇಲಿನ ಕಾಳಜಿ ಎಂದು ಇಷ್ಟು ದಿನ ನಾನು ಕರೆದುಕೊಂಡದ್ದರಲ್ಲಿ ಈ ಹೊಟ್ಟೆಯುರಿಯ ಪಾಲು ದೊಡ್ಡದಿದೆ.

ರಾಯಚೂರಿನ ಆ ಹುಡುಗನಲ್ಲಿ ಇನ್ನೂ ಕ್ಷಮೆ ಕೇಳಿಲ್ಲ. ಎರಡು ಸಲ ಅವನ ಮೇಜಿನವರೆಗೆ ಹೋಗಿ, ಯಾವುದೋ ಫೈಲು ಕೇಳಿ ಬಂದೆ. ಅವನ ಕೂದಲು ಆಗಲೇ ಬೆರಳಿಗೆ ಸಿಗುವಷ್ಟು ಬೆಳೆದಿದೆ.

ಸಾಕು, ಬರೆಯಬೇಕೆಂದುಕೊಂಡದ್ದಕ್ಕಿಂತ ಹೆಚ್ಚೇ ಬರೆದೆ. ಊರಿನ ಮನೆಯ ಹಿಂದಿನ ಹಲಸು ಈ ವರ್ಷ ಬುಡದಲ್ಲೇ ಕಾಯಿ ಬಿಟ್ಟಿದೆ, ಮರ ಹತ್ತುವ ಕೆಲಸವಿಲ್ಲ, ನಿಂತುಕೊಂಡೇ ಕೊಯ್ಯಬಹುದು. ಮುಂದಿನ ಶನಿವಾರ ಖಂಡಿತ ಬಾ. ಕೈಗೆ ಸವರಿಕೊಳ್ಳಲು ಕೊಬ್ಬರಿ ಎಣ್ಣೆ ತಾ. ಕಳೆದ ಸಲದ ಹಾಗೆ ಸೀಮೆಎಣ್ಣೆ ಬೇಡ. ತಂಗಿಯ ಮಗಳನ್ನೂ ಕರೆದುಕೊಂಡು ಬಾ. ಅವಳು ಎಷ್ಟು ಸಲ ‘ಲಿಟರಲಿ’ ಎನ್ನುತ್ತಾಳೋ ಅಷ್ಟು ದೋಸೆ ನಾನೇ ಹುಯ್ದು ಕೊಡುತ್ತೇನೆ.

ಇಂತಿ ನಿನ್ನ,
ಕೋತಿಯ ಪ್ರಸಂಗದ ಇನ್ನೊಬ್ಬ ಸಾಕ್ಷಿ