ದೊಡ್ಡಪ್ಪನ ಲಾಗ್ ಬುಕ್ಕು

ಪುಟ್ಟಾ,

ಅವತ್ತು ಮನೆ ತುಂಬ ಜನ, ಅಣ್ಣನ್ನ, ನಿನ್ನ ದೊಡ್ಡಪ್ಪನ್ನ, ಜಗಲಿ ಮೇಲೆ ಮಲಗಿಸಿದ್ರು, ನೀನು ಒದ್ದೆ ಬಟ್ಟೇಲಿ ಬಂದು ಅವನ ಕಾಲು ಹಿಡ್ಕೊಂಡು ಅಳ್ತಿದ್ದೆ, ಆಗ ನಿಂಗೆ ಬೈಯೋಕೆ ನಂಗೆ ಬಾಯೇ ಬರ್ಲಿಲ್ಲ. ಈಗ ಬರೀತಿದೀನಿ. ಮಂಗಳೂರಿಂದ ರಾತ್ರಿ ಹನ್ನೊಂದಕ್ಕೆ ಬೈಕ್ ಹತ್ತಿ ಆ ಮಳೇಲಿ ಶಿರಾಡಿ ಘಾಟ್ ಹತ್ಕೊಂಡು ಬಂದೆಯಂತೆ, ಮಾರನಹಳ್ಳಿ ಹತ್ರ ರೋಡೇ ಕಾಣ್ದೆ ಮುಂದಿನ ಲಾರಿಯ ಕೆಂಪು ಲೈಟ್ ನಂಬ್ಕೊಂಡು ಬಂದೆ ಅಂತ ನಿನ್ನ ತಮ್ಮನ ಹತ್ರ ಹೇಳ್ತಿದ್ದಿದ್ದು ನಂಗೆ ಕೇಳಿಸ್ತು. ಕೊನೇ ಸಲ ಮುಖ ನೋಡ್ಬೇಕು ಅನ್ನೋ ಸಂಕಟ ಗೊತ್ತಾಗುತ್ತೆ ಮಗಾ. ಆದ್ರೆ ಅಣ್ಣ ಬದುಕಿದ್ದು ಈ ಮಾತು ಕೇಳಿದ್ದಿದ್ರೆ ಎರಡು ದಿನ ನಿನ್ ಹತ್ರ ಮಾತಾಡ್ತಿರ್ಲಿಲ್ಲ.

ಮೊನ್ನೆ ಅವನ ಟ್ರಂಕ್ ತೆಗ್ದೆ. ಸ್ವೆಟರ್ ಕೆಳಗೆ ನಾಲ್ಕು ಲಾಗ್ ಬುಕ್ಕು, ಏರ್‌ಫೋರ್ಸಲ್ಲಿ ಪೈಲಟ್ ಆಗಿದ್ದಾಗ ಒಂದೊಂದು ಹಾರಾಟಾನೂ ಬರೆದಿಟ್ಟಿದ್ದು. ಮೊದಲ್ನೇ ಎರಡರಲ್ಲಿ ಬರೀ ಡಕೋಟ ವಿಮಾನ, 1984ರಲ್ಲಿ ಏರ್‌ಫೋರ್ಸಿಗೆ ಆಂಟನೊವ್-32 ಬಂತಲ್ಲ, ಆಮೇಲಿನ ಎರಡರಲ್ಲಿ ಅದೇ. ತಾರೀಖು, ವಿಮಾನದ ನಂಬರು, ಜೊತೆಗಿದ್ದೋರ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆ, ಎಲ್ಲಾ ಅವನ ಮುತ್ತಿನಂಥ ಅಕ್ಷರದಲ್ಲಿ. ಓದ್ತಾ ಓದ್ತಾ ಕೆಲವು ಕಡೆ ಕೆಂಪು ಇಂಕಲ್ಲಿ ‘ಡ್ಯೂಟಿ ನಾಟ್ ಕ್ಯಾರೀಡ್ ಔಟ್, ವೆದರ್’ ಅಂತ ಕಾಣ್ತು. ಅಂದ್ರೆ ಹೋದ ಕೆಲ್ಸ ಆಗ್ಲಿಲ್ಲ, ವಾಪಸ್ ಬಂದೆ ಅಂತ. ಕೂತು ಎಣಿಸ್ದೆ, ಹನ್ನೊಂದು ಸಲ.

ಅದ್ರಲ್ಲೊಂದು ಅವನೇ ನಂಗೆ ಹೇಳಿದ್ದ. ಲಡಾಖ್ ಕಡೆ ಒಂದು ಮಿಲಿಟರಿ ಪೋಸ್ಟಿಗೆ ಸೀಮೆಎಣ್ಣೆ, ಹಿಟ್ಟು ಪ್ಯಾರಾಚೂಟಲ್ಲಿ ಹಾಕ್ಬೇಕಿತ್ತಂತೆ, ಕೆಳಗೆ ಹುಡುಗ್ರು ಕಾಯ್ತಿದ್ರು, ಹೋದ್ರೆ ಕಣಿವೇಲಿ ಮೋಡ, ತಿರುಗ್ಸಿದ. ಮಾರನೇ ದಿನಾನೂ ಅದೇ ಕತೆ. ಮೂರನೇ ದಿನ ಹಾಕಿ ಬಂದ. ಎರಡು ರಾತ್ರಿ ನಿದ್ದೆ ಬರ್ಲಿಲ್ಲ ಕಣೇ, ಆ ಹುಡುಗ್ರು ಚಳೀಲಿ ಏನ್ಮಾಡ್ತಿದಾರೋ ಅಂತ, ಅಂದಿದ್ದ. ಅಷ್ಟು ಎತ್ತರದಲ್ಲಿ ಗಾಳಿ ತೆಳ್ಳಗಿರುತ್ತೆ, ವಿಮಾನ ಜೋರಾಗಿ ಹೋಗ್ತಿರುತ್ತೆ, ಇಲ್ಲಿ ತಿರುಗೋಕೆ ಸಾಕಾಗೋ ಜಾಗ ಅಲ್ಲಿ ಸಾಲಲ್ಲ, ಅದಕ್ಕೇ ವಾಪಸ್ ಹೋಗೋದೋ ಬೇಡ್ವೋ ಅನ್ನೋದನ್ನ ಕಣಿವೆ ಬಾಯಲ್ಲೇ ತೀರ್ಮಾನ ಮಾಡ್ಬೇಕು, ಒಳಗೆ ಹೋದ್ಮೇಲೆ ಯೋಚ್ನೆ ಮಾಡೋಕೆ ಆಗಲ್ಲ ಅಂತ ಕಾಫಿ ಲೋಟ ಅತ್ತಿತ್ತ ಇಟ್ಟು ತೋರಿಸಿದ್ದ. ನೀನು ಅವತ್ತು ಗುಂಡ್ಯದಲ್ಲಿ ಟೀ ಕುಡಿಯೋಕೆ ನಿಂತಿದ್ಯಂತಲ್ಲ, ಘಾಟ್ ಶುರುವಾಗೋಕೆ ಮುಂಚೆ. ನಿನ್ನ ಕಣಿವೆ ಬಾಯಿ ಅದೇ ಆಗಿತ್ತು ಪುಟ್ಟಾ.

2010ರ ಮೇ 22, ಮಂಗಳೂರಲ್ಲಿ ದುಬೈ ವಿಮಾನ ಬಿದ್ದು 158 ಜನ ಹೋದ್ರಲ್ಲ, ನೀನಾಗ ಚಿಕ್ಕೋನು. ಅಣ್ಣ ಅವತ್ತು ಟಿವಿ ಮುಂದೆ ಕೂತೋನು ಊಟಕ್ಕೆ ಏಳ್ಲಿಲ್ಲ. ಆಮೇಲೆ ತನಿಖೆ ರಿಪೋರ್ಟ್ ಬಂತು, ಇಳಿಯೋ ಎತ್ತರ, ಸ್ಪೀಡು ಸರಿ ಇರ್ಲಿಲ್ಲ, ಕೋ-ಪೈಲಟ್ ಮೂರು ಸಲ ಗೋ ಅರೌಂಡ್ ಅಂದ್ರೂ ಕ್ಯಾಪ್ಟನ್ ಲ್ಯಾಂಡಿಂಗ್ ಮುಂದುವರಿಸಿದ್ರು ಅಂತ. ಗೋ ಅರೌಂಡ್ ಅಂದ್ರೆ ಪವರ್ ಕೊಟ್ಟು ಮತ್ತೆ ಮೇಲೆ ಹೋಗಿ ಒಂದು ಸುತ್ತು ಹಾಕಿ ಬರೋದು, ಅಷ್ಟೇ. ಅಣ್ಣ ಆ ಕ್ಯಾಪ್ಟನ್ನಿಗೆ ಒಂದು ಕೆಟ್ಟ ಮಾತು ಆಡ್ಲಿಲ್ಲ. ಹತ್ರ ಬಂದಾಗ ನೆಲ ಎಳೆಯುತ್ತೆ, ನಂಗೂ ಎಳೆದಿದೆ ಅಂದ.

ನೀನು ಬಿಇ ಮುಗಿಸಿ ಸಿಪಿಎಲ್, ಅಂದ್ರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಮಾಡ್ತೀನಿ ಅಂದಾಗ ಅವನಿಗೆ ಎಷ್ಟು ಖುಷಿ ಆಗಿತ್ತು ಗೊತ್ತಾ, 200 ಗಂಟೆ ಹಾರಿಸ್ಬೇಕು, ಮೆಟಿಯೊರಾಲಜಿ, ಅದೇ ಹವಾಮಾನದ ಪೇಪರ್ ನಾನೇ ಹೇಳ್ಕೊಡ್ತೀನಿ ಅಂತಿದ್ದ. ಬೆಳಿಗ್ಗೆ ಎದ್ದು ಜೇನುಕಲ್ಲು ಗುಡ್ಡ ಕಾಣುತ್ತಾ ನೋಡೋನು, ಸಮುದ್ರದ ಗಾಳಿ ಘಾಟ್ ಹತ್ತುವಾಗ ಸಾವಿರ ಅಡಿಗೆ ಹೆಚ್ಚುಕಮ್ಮಿ 2 ಡಿಗ್ರಿ ತಣ್ಣಗಾಗುತ್ತೆ, ಅದೇ ನಮ್ಮನೆ ಮಂಜು ಅಂತ ತೋಟದ ಆಳುಗಳಿಗೂ ಪಾಠ. ನಿಂಗೆ ಹೇಳ್ಕೊಡೋಕೆ ಆಗ್ಲಿಲ್ಲ, ಅದೊಂದು ನಂಗೆ ತುಂಬಾ ಬೇಜಾರು.

ಸಾವಿನ ಮನೇಲಿ ಯಾರೋ ಅಂದ್ರು, ಇವ್ರು ಸಾಮಾನು ಸಾಗಿಸೋ ವಿಮಾನದೋರು, ಫೈಟರ್ ಅಲ್ಲ ಅಂತ. ನೀನು ಸಿಟ್ಟಿಂದ ಎದ್ದೆ. ಬಿಡು. ಅವನಿಗೆ 75 ಆದಾಗ ಬಾಳ್ಳುಪೇಟೆ ತಿರುವಲ್ಲಿ ಎದುರಿನ ಟ್ರ್ಯಾಕ್ಟರ್ ಲೇಟಾಗಿ ಕಾಣ್ತಂತೆ, ಏನೂ ಆಗಿರ್ಲಿಲ್ಲ, ಆದ್ರೂ ಮನೆಗೆ ಬಂದು ಜೀಪ್ ಕೀ ನನ್ ಕೈಗಿಟ್ಟ, ಮತ್ತೆ ಕೇಳ್ಲೇ ಇಲ್ಲ. ಡ್ರೈವಿಂಗ್ ಅಂದ್ರೆ ಪ್ರಾಣ ಬಿಡ್ತಿದ್ದ ಮನುಷ್ಯ. ನಾನು ಅವನ ಬಗ್ಗೆ ಹೆಮ್ಮೆ ಪಡೋದು ಅದಕ್ಕೆ.

ತಿಥಿಗೆ ಹಗಲು ಟ್ರೈನಲ್ಲಿ ಬಾ, ಸಕಲೇಶಪುರ ಸ್ಟೇಷನ್ನಿಗೆ ನಿಮ್ಮಪ್ಪ ಬರ್ತಾನೆ. ಘಾಟಲ್ಲಿ ಮಣ್ಣು ಕುಸಿದು ಟ್ರೈನ್ ನಿಂತ್ರೆ ಸುಬ್ರಹ್ಮಣ್ಯ ರೋಡಲ್ಲೇ ಇಳ್ದು ವಾಪಸ್ ಹೋಗು, ಒಂದು ಫೋನ್ ಮಾಡು ಸಾಕು, ನಿನ್ನ ಹೆಸರಲ್ಲಿ ಎಡೆ ನಾನಿಡ್ತೀನಿ, ಯಾರೂ ಏನೂ ಅನ್ನದ ಹಾಗೆ ನೋಡ್ಕೋತೀನಿ. ಲಾಗ್ ಬುಕ್ಕು ನಾಲ್ಕೂ ನಿಂಗೇ. ಟ್ರಂಕ್ ಕೀ ನನ್ ಹತ್ರ ಇದೆ.

ನಿನ್ನ ಅತ್ತೆ