ಲಾ ಫರ್ಮ್ ಅಸೋಸಿಯೇಟ್: ಕಕ್ಷಿದಾರರು ಕೇಳಬೇಕಾದದ್ದು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಲಾ ಫರ್ಮ್‌ಗಳ ವೆಬ್‌ಸೈಟ್ ತೆರೆದರೆ ಪಾಲುದಾರರ ಕೈಕೆಳಗೆ ಕೆಲಸ ಮಾಡುವ ವಕೀಲರಿಗೆ ಕೊಡುವ ಅಸೋಸಿಯೇಟ್, ಸೀನಿಯರ್ ಅಸೋಸಿಯೇಟ್ ಎಂಬ ಪದನಾಮಗಳು ಸಾಲುಗಟ್ಟಿರುತ್ತವೆ. 1961ರ ವಕೀಲರ ಕಾಯ್ದೆಯಲ್ಲಿ ಇವು ಎಲ್ಲಿಯೂ ಇಲ್ಲ. ಅದರ 16ನೇ ಸೆಕ್ಷನ್ ಹೇಳುವುದು ಎರಡೇ ವರ್ಗ: ಹಿರಿಯ ವಕೀಲರು, ಇತರ ವಕೀಲರು. ಹಿರಿಯ ವಕೀಲರೆಂಬ ಮನ್ನಣೆ ಕೊಡುವುದು ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್. ಸೀನಿಯರ್ ಅಸೋಸಿಯೇಟ್ ಎಂದು ಹೆಸರಿಡುವುದು ಆಯಾ ಕಚೇರಿ. ಎರಡೂ ಒಂದೇ ಎಂದುಕೊಂಡು ಫೀಸು ಒಪ್ಪಿಕೊಳ್ಳಬೇಡಿ.

ಮೊದಲು ಕೇಳಬೇಕಾದದ್ದು ಸನ್ನದು ಸಂಖ್ಯೆ, ಅಂದರೆ ವಕೀಲರಾಗಿ ನೋಂದಣಿಯಾದ ಸಂಖ್ಯೆ. ನಮ್ಮ ರಾಜ್ಯದ್ದಾದರೆ ಅದು ‘ಕೆಎಆರ್’ ಎಂದು ಶುರುವಾಗಿ ಕ್ರಮಸಂಖ್ಯೆ, ನೋಂದಣಿಯ ವರ್ಷದೊಂದಿಗೆ ಮುಗಿಯುತ್ತದೆ. 2009–10ರ ಶೈಕ್ಷಣಿಕ ವರ್ಷದಿಂದೀಚೆಗೆ ಪದವಿ ಪಡೆದವರು ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಿರಬೇಕು. ವಕೀಲರ ಜಾಹೀರಾತು ನಿಷೇಧಿಸುವ, ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮಕ್ಕೆ 2008ರಲ್ಲಿ ತಿದ್ದುಪಡಿಯಾದ ಮೇಲೆ ವೆಬ್‌ಸೈಟ್‌ನಲ್ಲಿ ಸನ್ನದು ವಿವರ, ವಿದ್ಯಾರ್ಹತೆ, ವಕೀಲಿಕೆಯ ಕ್ಷೇತ್ರ ಹಾಕಲು ಅವಕಾಶವಿದೆ. ಕ್ಷೇತ್ರಗಳ ಉದ್ದ ಪಟ್ಟಿ ಹಾಕಿ ಸನ್ನದು ಸಂಖ್ಯೆ ಬಿಡುವುದು ಸರಿಯಲ್ಲ. ಪರಿಷತ್ತು ಆ ಸಂಖ್ಯೆಯನ್ನು ಕಡ್ಡಾಯ ಮಾಡಬೇಕು.

ಇನ್ನು ಆ ಪಟ್ಟಿಯ ಮಾತು. ಸನ್ನದು ಪಡೆದು ಮೂರು ವರ್ಷವಾದವರ ಹೆಸರಿನ ಕೆಳಗೆ ರಿಯಲ್ ಎಸ್ಟೇಟ್, ಕಾರ್ಪೊರೇಟ್, ಕ್ರಿಮಿನಲ್, ಟ್ರೇಡ್‌ಮಾರ್ಕ್ ಎಲ್ಲವೂ ಇದ್ದರೆ, ಯಾವ ಕೆಲಸವನ್ನು ಸ್ವತಃ ಮಾಡಿದ್ದೀರಿ ಎಂದು ನೇರವಾಗಿ ಕೇಳಿ. ಜಮೀನಿನ ವಿಷಯವಾದರೆ ಅವರು ಯಾವ ದಾಖಲೆ ತರಲು ಹೇಳುತ್ತಾರೆ ಎಂಬುದರಲ್ಲೇ ಉತ್ತರ ಸಿಗುತ್ತದೆ. ಬರೀ ಇಸಿ (ಋಣಭಾರ ಪ್ರಮಾಣಪತ್ರ) ಮತ್ತು ಕ್ರಯಪತ್ರ ಸಾಕು ಎಂದರೆ ಅಲ್ಲೇ ನಿಲ್ಲಿ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೇ ಎಂಬುದು ತಿಳಿಯಬೇಕಾದರೆ ಸಾಗುವಳಿ ಚೀಟಿ (ಮಂಜೂರಾತಿ ಪತ್ರ), ಹಳೆಯ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ಕಡತ ತೆಗೆಸಬೇಕು. ಅಂಥ ಭೂಮಿ ಅನುಮತಿಯಿಲ್ಲದೆ ಕೈ ಬದಲಾಗಿದ್ದರೆ ಇಂಥ ಭೂಮಿಯ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆಯಡಿ ಉಪವಿಭಾಗಾಧಿಕಾರಿ ಅದನ್ನು ಮಂಜೂರುದಾರರಿಗೆ ಮರಳಿಸಬಹುದು. 2023ರ ತಿದ್ದುಪಡಿ ಕಾಲಮಿತಿಯ ಅಡ್ಡಿಯನ್ನೂ ತೆಗೆದಿದೆ. ಮಂಜೂರುದಾರರಿಗೆ ಈ ರಕ್ಷಣೆ ಬೇಕೇಬೇಕು. ಭೂಮಿ ಅಂಥದ್ದೇ ಎಂದು ಪರಿಶೀಲಿಸದೆ ಬರೆದ ಲೀಗಲ್ ಒಪೀನಿಯನ್ ನಂಬಿ ಕೊಂಡವರ ದುಡ್ಡು ಮುಳುಗುತ್ತದೆ.

ದಾವೆಯ ಕೆಲಸದಲ್ಲಿ ಪರೀಕ್ಷೆಯೆಂದರೆ ದಿನಗಳ ಲೆಕ್ಕ. 3 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ದಾವೆಯಲ್ಲಿ ಸಮನ್ಸ್ ತಲುಪಿದ 120 ದಿನದೊಳಗೆ ಪ್ರತಿವಾದಿ ತನ್ನ ಉತ್ತರವಾದ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕೇ ಹೋಗುತ್ತದೆ. ಸಾಮಾನ್ಯ ಸಿವಿಲ್ ದಾವೆಯ ರೂಢಿಯಂತೆ ವಾಯಿದೆ ಕೇಳುತ್ತ ಕೂರುವವರಿಗೆ ಇದು ತಡವಾಗಿ ಹೊಳೆಯುತ್ತದೆ.

ನಿಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತಿಗೆ ಸಹಿ ಹಾಕುವ ಮುನ್ನ ಅದರಲ್ಲಿ ಯಾರ್‍ಯಾರ ಹೆಸರಿದೆ ಎಂದು ಓದಿ. ಅಸೋಸಿಯೇಟ್‌ಗಳು ಕಚೇರಿ ಬದಲಿಸುತ್ತಲೇ ಇರುತ್ತಾರೆ. ಅವರೊಬ್ಬರದೇ ಹೆಸರಿದ್ದು, ಅವರು ಹೊರಟುಹೋದರೆ ಹೊಸ ವಕಾಲತ್ತು ಬರುವವರೆಗೆ ಕೇಸು ಅನಾಥ. ಜೊತೆಗೆ ಪಾಲುದಾರ ವಕೀಲರೊಬ್ಬರ ಹೆಸರು, ಸಹಿ ಇರಲಿ. ನೀವೇ ವಕೀಲರನ್ನು ಬದಲಿಸುವಾಗ ಫೀಸು ಬಾಕಿಯೆಂದು ಅವರು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟ್ 2000ರಲ್ಲೇ ಇದನ್ನು ಹೇಳಿದೆ. ಬಾಕಿ ವಸೂಲಿಗೆ ಅವರಿಗೆ ಬೇರೆ ಕಾನೂನು ದಾರಿಯಿದೆ.

– ಒಬ್ಬ ವಕೀಲ, ಬೆಂಗಳೂರು