ಬಲಗಣ್ಣಿನ ಬಗ್ಗೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಎರಡೂ ಕಣ್ಣಿಗೆ ಲೇಸರ್ ಮಾಡಿಸಿದ್ದರೂ ಬಲಗಣ್ಣು ಏಕೆ ಸರಿಹೋಗಲಿಲ್ಲ ಎಂದು ಹಾಸ್ಟೆಲಿಗೆ ಹೊರಡುವ ಹಿಂದಿನ ರಾತ್ರಿ ನೀನು ಕೇಳಿದೆ. ಅಂದು ನನಗೆ ಮಾತು ಹೊರಡಲಿಲ್ಲ.

ನೀನು ದಿನ ತುಂಬಿ ಹುಟ್ಟಿದ, ಮೂರು ಕಿಲೋ ತೂಗಿದ ಕೂಸು. ಬಲಗಣ್ಣು ಹೊರಕ್ಕೆ ತಿರುಗಿದಂತೆ ಕಂಡಾಗ, ಮೆಳ್ಳೆಗಣ್ಣು ಅದೃಷ್ಟವೆಂದು ಹಿರಿಯರು ಹೇಳಿದ್ದನ್ನು ನಂಬಿ ಎಂಟು ತಿಂಗಳು ಸುಮ್ಮನಿದ್ದೆ. ಅದು ಮೆಳ್ಳೆಗಣ್ಣೇ ಆಗಿರಲಿಲ್ಲ. ಗರ್ಭದಲ್ಲಿ ಕಣ್ಣಿನ ನರದ ಬುಡದಿಂದ ಹೊರಡುವ ರೆಟಿನಾದ, ಅಂದರೆ ಕಣ್ಣಿನ ಒಳಗೆ ಬೆಳಕನ್ನು ಗ್ರಹಿಸುವ ಪದರದ, ರಕ್ತನಾಳಗಳು ಹೆರಿಗೆಯ ಹೊತ್ತಿಗೆ ಕಿವಿಯ ಕಡೆಯ ಅಂಚನ್ನು ಮುಟ್ಟಬೇಕು. ನಿನ್ನಲ್ಲಿ ಅವು ನಡುದಾರಿಯಲ್ಲೇ ನಿಂತಿದ್ದವು. ರಕ್ತ ಸಿಗದ ಅಂಚು ಆಮ್ಲಜನಕಕ್ಕಾಗಿ ಹಸಿದು ಹೊಸ ನಾಳಗಳನ್ನು ಕರೆಯುತ್ತದೆ, ಹಾಗೆ ಹುಟ್ಟುವ ನಾಳಗಳು ದುರ್ಬಲವಾಗಿ ಸೋರುತ್ತವೆ, ಆಮೇಲೆ ಗಾಯದ ಎಳೆಗಳಾಗಿ ರೆಟಿನಾವನ್ನೇ ಜಗ್ಗುತ್ತವೆ. ನಾವು ಆಸ್ಪತ್ರೆ ಮುಟ್ಟುವ ಮೊದಲೇ ಬಲಗಣ್ಣಿನ ಮ್ಯಾಕುಲಾ, ಅಂದರೆ ನೋಟದ ಕೇಂದ್ರವೇ, ಪಕ್ಕಕ್ಕೆ ಸರಿದುಬಿಟ್ಟಿತ್ತು. ಅದಕ್ಕೇ ಕಣ್ಣು ಹೊರಕ್ಕೆ ತಿರುಗಿದಂತೆ ಕಂಡಿದ್ದು.

ಈ ಕಾಯಿಲೆಗೆ ಎಫ್‌ಇವಿಆರ್ (ಫ್ಯಾಮಿಲಿಯಲ್ ಎಕ್ಸುಡೇಟಿವ್ ವಿಟ್ರಿಯೋರೆಟಿನೋಪಥಿ, ಮನೆತನದಲ್ಲಿ ಇಳಿದುಬರುವ ರೆಟಿನಾದ ಕಾಯಿಲೆ) ಎನ್ನುತ್ತಾರೆ. 1969ರಲ್ಲಿ ಕ್ರಿಸ್‌ವಿಕ್ ಮತ್ತು ಶೆಪೆನ್ಸ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ನಿನಗೆ ಅರಿವಳಿಕೆ ಕೊಟ್ಟು, ವೈದ್ಯರು ತಲೆಗೆ ಕಟ್ಟಿಕೊಂಡ ಉಪಕರಣದ ಮೂಲಕ, ರಕ್ತವಿಲ್ಲದ ಆ ಅಂಚನ್ನು ಲೇಸರ್‌ನಿಂದ ಚುಕ್ಕೆ ಚುಕ್ಕೆಯಾಗಿ ಸುಟ್ಟರು. ಹಸಿದ ಭಾಗ ಸುಮ್ಮನಾದರೆ ಹೊಸ ನಾಳಗಳ ಕರೆಯೂ ನಿಲ್ಲುತ್ತದೆ. ಅಂಚಿನ ನೋಟವನ್ನು ಒಂದಿಷ್ಟು ಬಿಟ್ಟುಕೊಟ್ಟು ನಡುವಿನ ನೋಟವನ್ನು ಉಳಿಸಿಕೊಳ್ಳುವ ಚಿಕಿತ್ಸೆ ಇದು. ಜಗ್ಗಿಹೋದ ಮ್ಯಾಕುಲಾವನ್ನು ಸ್ವಸ್ಥಾನಕ್ಕೆ ತರುವ ಶಕ್ತಿ ಅದಕ್ಕಿಲ್ಲ. ಎಡಗಣ್ಣು ಸಮಯಕ್ಕೆ ಸಿಕ್ಕಿತು, ಬಲಗಣ್ಣು ಸಿಗಲಿಲ್ಲ. ಆ ಎಂಟು ತಿಂಗಳು ಈಗಲೂ ನನ್ನನ್ನು ಚುಚ್ಚುತ್ತವೆ.

ಇನ್ನೊಂದು ಮಾತು ನಿನಗೆ ಹೇಳಿರಲಿಲ್ಲ. ಕೈಯ ರಕ್ತನಾಳಕ್ಕೆ ಹಳದಿ ಬಣ್ಣದ ದ್ರವ ಚುಚ್ಚಿ ನನ್ನ ಕಣ್ಣುಗಳ ಚಿತ್ರ ತೆಗೆದಾಗ, ನನ್ನ ರಕ್ತನಾಳಗಳೂ ಅಂಚಿಗೆ ಮುಂಚೆಯೇ ನಿಂತಿರುವುದು ಕಂಡಿತು. ಚೆನ್ನಾಗಿಯೇ ಕಾಣುತ್ತಿದ್ದ ನನಗೆ ಅದರ ಸುಳಿವೇ ಇರಲಿಲ್ಲ. ನಮ್ಮ ಮನೆತನದಲ್ಲಿರುವ ಬಗೆಯಲ್ಲಿ ಇದು ಪ್ರತಿ ಮಗುವಿಗೂ ಇಳಿಯುವ ಸಾಧ್ಯತೆ ಶೇ. 50. ಮುಂದೆ ನಿನಗೆ ಮಗುವಾದರೆ ಹುಟ್ಟಿದ ಮೊದಲ ವಾರಗಳಲ್ಲೇ ರೆಟಿನಾ ತಜ್ಞರಿಗೆ ತೋರಿಸು, ಕಣ್ಣು ಓರೆಯಾಗಲೆಂದು ಕಾಯಬೇಡ.

ಲೇಸರ್ ಆಗಿದ್ದರೂ ಈ ಕಾಯಿಲೆ ವರ್ಷಗಳ ನಂತರ ಮತ್ತೆ ಕೆರಳಬಹುದು. ಮಿಂಚು ಹೊಳೆದಂತಾದರೆ, ಕಪ್ಪು ಚುಕ್ಕೆಗಳು ತೇಲಿದರೆ, ಪಕ್ಕದಿಂದ ತೆರೆ ಎಳೆದಂತಾದರೆ ಪರೀಕ್ಷೆಯಿದ್ದರೂ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗು. ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಕನ್ನಡಕವನ್ನು ಆಟದ ಮೈದಾನದಲ್ಲಿ ತೆಗೆಯಬೇಡ.

ದಸರಾ ರಜೆಗೆ ಬಂದಾಗ ಇಬ್ಬರ ತಪಾಸಣೆಯೂ ಒಂದೇ ದಿನ ಇದೆ. ಇಬ್ಬರ ಕಣ್ಣಿಗೂ ಹನಿ ಹಾಕಿದ ಮೇಲೆ ನೋಟ ಮಂಜಾಗುವುದರಿಂದ ಅಪ್ಪನನ್ನೂ ಕರೆದುಕೊಂಡು ಹೋಗೋಣ.

ನಿನ್ನ ಅಮ್ಮ